ಬಲಗಡೆ ಅಂಚಿನ ಹೆಂಗಸು

ಒಲಿಂದಾ ಸುಬೆಲ್ದೀಯಾ ಅವರನ್ನು ನಾನು ಮೊದಲ ಸಲ ಕಂಡದ್ದು ಡ್ರೈವಿಂಗ್ ಲೈಸೆನ್ಸಿಗೆ ಫೋಟೋ ತೆಗೆಸಿಕೊಳ್ಳಲು ಹೋದಾಗ. ನಮ್ಮ ಬಂದರಿನ ಊರಾದ ಬಹೀಯಾ ಬ್ಲಾಂಕಾದಲ್ಲಿ ಹಳೇ ಮಾರುಕಟ್ಟೆಯ ಹಿಂದೆ ಒಂದು ಬೇಕರಿ ಇದೆ. ಅದರ ಮೇಲಿನ ಮಹಡಿಗೆ ‘ಫೋಟೋ ಕ್ಲಬ್, ಶನಿವಾರ ಸಂಜೆ ಐದಕ್ಕೆ’ ಎಂಬ ಬೋರ್ಡು. ಫೋಟೋ ಅಂದ ಮೇಲೆ ಫೋಟೋ ತೆಗೆದೇ ತೆಗೆಯುತ್ತಾರೆ, ವಾರಕ್ಕೊಂದೇ ದಿನ ಅಂದರೆ ಅಗ್ಗಕ್ಕೂ ತೆಗೆಯುತ್ತಾರೆ ಎಂದು ತೀರ್ಮಾನಿಸಿದೆ. ಬಣ್ಣದಂಗಡಿಯ ಕೌಂಟರಿನ ಹಿಂದೆ ದಿನಕ್ಕೆ ಒಂಬತ್ತು ಗಂಟೆ ನಿಲ್ಲುವ ನನ್ನಂಥವನ ತೀರ್ಮಾನಗಳು ಸಾಮಾನ್ಯವಾಗಿ ಇದೇ ಗುಣಮಟ್ಟದವು.

ಬಾಗಿಲ ಬಳಿ ಮೇಜು ಹಾಕಿಕೊಂಡು ಒಬ್ಬ ಹೆಂಗಸು ಕೂತಿದ್ದರು. ಕ್ಲಬ್ಬಿನ ಕಾರ್ಯದರ್ಶಿ, ನಿವೃತ್ತ ಟೀಚರು, ಹೆಸರು ಮಿರ್ತಾ ಎಂದು ಆಮೇಲೆ ಗೊತ್ತಾಯಿತು. ನನ್ನನ್ನು ಕಂಡದ್ದೇ ಕೈ ಚಾಚಿದರು.

"ತಂದಿದ್ದೀಯಾ?"

ಅಳತೆ ನೋಡಲು ಹಳೇ ಫೋಟೋ ಕೇಳುತ್ತಿದ್ದಾರೆ ಎಂದುಕೊಂಡು ಪರ್ಸಿನಿಂದ ಅಂಚೆಚೀಟಿಗಿಂತ ಚೂರು ದೊಡ್ಡದಾದ ನನ್ನ ಫೋಟೋ ತೆಗೆದುಕೊಟ್ಟೆ.

"ಇಷ್ಟು ಚಿಕ್ಕದು?"

"ಎಲ್ಲಾ ಕಡೆ ಇದೇ ಸೈಜ್ ಕೇಳ್ತಾರಲ್ಲ, ಸೆನ್ಯೋರಾ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಈಗಿನ ಕಾಲದ ಕಲಾವಿದರೇ ಹೀಗೆ ಎಂಬಂತೆ ತಲೆಯಾಡಿಸಿ, ಅದನ್ನು ಒಂದು ಪೆಟ್ಟಿಗೆಗೆ ಹಾಕಿದರು. ಒಳಗೆ ಒಂಬತ್ತು ಹತ್ತು ಜನ ಕುರ್ಚಿ ಸಾಲುಗಳಲ್ಲಿ ಕೂತಿದ್ದರು. ಒಬ್ಬರೂ ಅರವತ್ತರ ಕೆಳಗಿನವರಲ್ಲ. ಇಷ್ಟು ವಯಸ್ಸಿನಲ್ಲಿ ಇಷ್ಟು ಜನಕ್ಕೆ ಒಟ್ಟಿಗೇ ಲೈಸೆನ್ಸ್ ಬೇಕಾಗಿದೆಯಲ್ಲ ಎಂದು ಆಶ್ಚರ್ಯಪಟ್ಟು ಹಿಂದಿನ ಸಾಲಿನಲ್ಲಿ ನನ್ನ ಸರದಿಗೆ ಕಾಯುತ್ತ ಕೂತೆ. ಎದುರಿಗೆ ಇಳಿಜಾರು ಹಲಗೆ, ಅದರ ಮೇಲೊಂದು ದೀಪ. ಪಕ್ಕದಲ್ಲಿ ಕಪ್ಪು ಕೋಟು ತೊಟ್ಟ, ಬೆನ್ನು ನೆಟ್ಟಗಿದ್ದ ಹೆಂಗಸು. ಮಿರ್ತಾ ಪೆಟ್ಟಿಗೆಯಿಂದ ಒಂದೊಂದೇ ಫೋಟೋ ತೆಗೆದು ಹಲಗೆಗೆ ಸಿಕ್ಕಿಸುತ್ತಿದ್ದರು, ಯಾರದೆಂದು ಹೇಳುತ್ತಿರಲಿಲ್ಲ. ಕಪ್ಪು ಕೋಟಿನವರು ಮಾತಾಡುತ್ತಿದ್ದರು. ನಾಲ್ಕನೆಯದಾಗಿ ನಾನು ಬಂದೆ.

ಅಷ್ಟಗಲದ ಹಲಗೆಯ ಮೇಲೆ ಗುಂಡುಪಿನ್ನು ಚುಚ್ಚಿಸಿಕೊಂಡ ನನ್ನ ಮುಖ. ಎಲ್ಲರೂ ಮುಂದಕ್ಕೆ ಬಗ್ಗಿದರು. ಒಬ್ಬರೂ ನಗಲಿಲ್ಲ, ಅದೇ ಭಯ ಹುಟ್ಟಿಸಿತು. ಆ ಹೆಂಗಸು ಕನ್ನಡಕ ತೆಗೆದು, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು.

"ಹಿಂದಿನ ಗೋಡೆ ಚೆನ್ನಾಗಿದೆ. ಬೆಳಕು ಒಂದೇ ಸಮ, ಎಲ್ಲೂ ಜಂಬ ಇಲ್ಲ. ಆದ್ರೆ ಈ ಹುಡುಗ ನಟ್ಟನಡುವೆ ಬಂದು ನಿಂತುಬಿಟ್ಟಿದ್ದಾನೆ. ಕಣ್ಣು ಬಂತು, ಇವನಿಗೆ ಡಿಕ್ಕಿ ಹೊಡೀತು, ಅಲ್ಲೇ ನಿಂತ್ಹೋಯ್ತು. ಮುಂದಕ್ಕೆ ದಾರಿ ಇಲ್ಲ. ನಿಂತು ನೋಡೋಣ ಅಂದ್ರೆ ಮುಖದಲ್ಲೂ ಏನೂ ನಡೀತಿಲ್ಲ."

"ಅದು ನಾನು!" ಎಂದು ಎದ್ದು ನಿಂತೆ.

"ಮೆದಿಯಾಲೂನ!" ಎಂದು ಇಡೀ ಸಭೆ ಒಕ್ಕೊರಲಿನಿಂದ ಕೂಗಿತು.

ನಿಯಮವೇ ಹಾಗೆ. ಫೋಟೋ ಹಲಗೆಯ ಮೇಲಿರುವಷ್ಟು ಹೊತ್ತು ಅದನ್ನು ತೆಗೆದವರು ಬಾಯಿ ಬಿಡಬಾರದು. ವಿಮರ್ಶೆ ಮುಗಿಯುವವರೆಗೆ ಉಳಿದವರೂ ಉಸಿರೆತ್ತಬಾರದು. ಎತ್ತಿದವರು ಮುಂದಿನ ಶನಿವಾರ ಎಲ್ಲರಿಗೂ ಕೆಳಗಿನ ಬೇಕರಿಯಿಂದ ಒಂದು ಡಜನ್ ಮೆದಿಯಾಲೂನ, ಆ ಅರ್ಧಚಂದ್ರದ ಸಿಹಿ ಬನ್ನು, ತರಬೇಕು. ತಂದೆ. ತಂದವನು ಕೂತೆ. ಕೂತವನು ನಾಲ್ಕು ವರ್ಷವಾದರೂ ಎದ್ದಿಲ್ಲ. ಲೈಸೆನ್ಸ್ ಇನ್ನೂ ಆಗಿಲ್ಲ.

ಆ ಕಪ್ಪು ಕೋಟಿನವರೇ ಒಲಿಂದಾ. ಅವರಿಗೆ ಈಗ ಎಪ್ಪತ್ತರ ಹತ್ತಿರ. ಕ್ಲಬ್ಬಿನಲ್ಲಿ ಎಲ್ಲರೂ ಅವರನ್ನು ಗೌರವದಿಂದ ದೋನ್ಯಾ ಒಲಿಂದಾ ಎನ್ನುತ್ತಾರೆ. ನನಗೆ ನನ್ನಜ್ಜನ ಹೆಸರಾದ ದಾರ್ದೊ ಎಂದು ಹೆಸರಿದ್ದರೂ ಅವರು ಮೊದಲ ವಾರದಿಂದಲೇ ‘ಪೇಂಟು’ ಎಂದು ಕರೆದರು, ಹಾಗಾಗಿ ಉಳಿದವರಿಗೂ ಪೇಂಟು. ಫೋಟೋ ವಿಮರ್ಶೆ ಮಾಡುವ ಈ ಹೆಂಗಸು ಜೀವನದಲ್ಲಿ ಒಂದೇ ಒಂದು ಫೋಟೋ ತೆಗೆದವರಲ್ಲ, ಕ್ಯಾಮೆರಾ ಇಟ್ಟುಕೊಂಡವರೂ ಅಲ್ಲ. ಚೌಕದ ಬಳಿ ಇದ್ದ ಒಂದು ಫ್ರೇಮು ಕಟ್ಟುವ ಅಂಗಡಿಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ಗಾಜಿನ ಕೆಳಗೆ, ಚಿತ್ರದ ಸುತ್ತ, ಬಿಳಿ ರಟ್ಟು ಇರುತ್ತದಲ್ಲ, ಅದರಲ್ಲಿ ಕಿಟಕಿ ಕೊರೆಯುವುದು ಅವರ ಕೆಲಸ. ಬ್ಲೇಡನ್ನು ಓರೆಯಾಗಿ ಹಿಡಿದು ಒಂದೇ ಎಳೆತದಲ್ಲಿ ಕೊರೆಯಬೇಕು. ಎಡಗೈ ಹೆಬ್ಬೆರಳಿನ ತುದಿಯಲ್ಲಿ ಅದರ ಗುರುತು ಇದೆ. ಊರಿನ ಮದುವೆಗಳು, ನಾಮಕರಣಗಳು, ಡಿಪ್ಲೊಮಾಗಳು, ಸತ್ತ ತಂದೆಯರು, ಗೆದ್ದ ಕುದುರೆಗಳು ಎಲ್ಲವೂ ಆ ಕಿಟಕಿಯ ಮೂಲಕವೇ ಗೋಡೆಗೇರಿದ್ದು. ಕಿಟಕಿ ಒಂದು ಬೆರಳು ಒಳಕ್ಕೆ ಬಂದರೆ ಚಿಕ್ಕಪ್ಪ ಮದುವೆಗೆ ಬಂದೇ ಇರಲಿಲ್ಲ ಎಂದಾಗುತ್ತಿತ್ತು.

"ಯಾರಾದ್ರೂ ಬಂದು ಜಗಳ ಆಡಿಲ್ವಾ?" ಎಂದು ಕೇಳಿದ್ದೆ ಒಮ್ಮೆ.

"ಆ ಚಿಕ್ಕಪ್ಪಂದಿರೇ ಬಂದಿದ್ರು," ಎಂದಿದ್ದರು.

ಅಂಗಡಿಯ ಯಜಮಾನರು ತೀರಿಕೊಂಡು, ಮಕ್ಕಳು ಜಾಗ ಮಾರಿದ ಮೇಲೆ, ಅಲ್ಲಿನ ಕಪ್ಪು ರಟ್ಟಿನ ಚೂರುಗಳಿಂದ ತಾವೇ ಎರಡು ಮೂಲೆಕಟ್ಟುಗಳನ್ನು ಕತ್ತರಿಸಿಕೊಂಡು ಬಂದಿದ್ದರು, ಬಡಗಿಯ ಮಟ್ಟಗೋಲಿನ ಆಕಾರದವು. ಅವೆರಡನ್ನು ಫೋಟೋ ಮೇಲೆ ಎದುರುಬದುರು ಇಟ್ಟು ಸರಿಸಿದರೆ ಬೇಕಾದ ಅಳತೆಯ ಕಿಟಕಿ ಆಗುತ್ತದೆ, ಬೇಡದ್ದು ಕಪ್ಪಿನ ಕೆಳಗೆ ಹೋಗುತ್ತದೆ. ಬಟ್ಟೆಚೀಲದಲ್ಲಿ ಆ ರಟ್ಟುಗಳು, ಒಂದು ಜೊತೆ ಕನ್ನಡಕ, ಬಸ್ಸಿನ ಕಾರ್ಡು. ಅವರು ಮದುವೆಯಾಗಲಿಲ್ಲ. ತಾಯಿಯನ್ನು ಕೊನೆಯವರೆಗೆ ನೋಡಿಕೊಂಡರು. ನ್ಯೂಕೆನ್‌ನಲ್ಲಿ ತಂಗಿಯೊಬ್ಬಳಿದ್ದಾಳೆ, ಕ್ರಿಸ್‌ಮಸ್ಸಿಗೆ ಫೋನು ಮಾಡುತ್ತಾಳೆ. ಒಮ್ಮೆ ಅವರ ಮನೆಗೆ ಸುಣ್ಣದ ಡಬ್ಬಿ ತಲುಪಿಸಲು ಹೋಗಿದ್ದೆ. ಮೂವತ್ತನಾಲ್ಕು ವರ್ಷ ಊರಿನ ಚಿತ್ರಗಳಿಗೆ ಕಿಟಕಿ ಕೊರೆದವರ ಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರೂ ಇರಲಿಲ್ಲ.

"ಗೋಡೆ ಅದರ ಪಾಡಿಗೆ ಇರ್ಲಿ ಬಿಡು," ಎಂದರು.

ಅವರ ವಿಮರ್ಶೆಯಲ್ಲಿ ‘ಸುಂದರ’ ಎಂಬ ಮಾತು ಬರುವುದಿಲ್ಲ. ಕಣ್ಣು ಎಲ್ಲಿಂದ ಒಳಗೆ ಬಂತು, ಎಲ್ಲೆಲ್ಲಿ ಕೂತು ಎದ್ದಿತು, ಎಲ್ಲಿಂದ ಹೊರಗೆ ಹೋಯಿತು, ಇಷ್ಟೇ. "ಮೊದ್ಲು ಅಂಚು ನೋಡು, ಪೇಂಟು. ಮಧ್ಯದಲ್ಲಿರೋದನ್ನ ಎಲ್ರೂ ನೋಡಿಕೊಳ್ತಾರೆ. ಅಂಚಿಗೆ ದಿಕ್ಕಿಲ್ಲ," ಎನ್ನುವರು. ನಾನು ಅಭಿಮಾನದಿಂದ ತಂದಿದ್ದ ಸೂರ್ಯಾಸ್ತಕ್ಕೆ, "ಸೂರ್ಯನ ಪಾಲೂ ಇದೆ, ಗೋಧಿ ಹೊಲದ ಪಾಲೂ ಇದೆ, ಇದರಲ್ಲಿ ನಿನ್ನ ಪಾಲು ಯಾವ್ದು?" ಎಂದಿದ್ದರು. ಮಿರ್ತಾರ ಮೊಮ್ಮಗಳ ತಲೆಯಿಂದ ದೀಪದ ಕಂಬ ಹುಟ್ಟಿ ಬಂದ ಫೋಟೋವನ್ನು ಹಲಗೆಯಿಂದ ಕಿತ್ತು ತಲೆಕೆಳಗಾಗಿ ಸಿಕ್ಕಿಸಿದ್ದರು. "ಈಗ ನೋಡಿ. ಮಗು ಅನ್ನೋದು ಮರ್ತುಬಿಡಿ. ಯಾವುದು ಭಾರ?" ತಲೆಕೆಳಗಾದ ಮೊಮ್ಮಗಳನ್ನು ನೋಡುತ್ತ ಮಿರ್ತಾ ಒಂದು ಡಜನ್ ಮೆದಿಯಾಲೂನ ಉಳಿಸಿಕೊಳ್ಳಲು ತುಟಿ ಕಚ್ಚಿಕೊಂಡಿದ್ದರು. ಫೋಟೋ ನಿಜವಾಗಿ ಗೆದ್ದರೆ ಒಲಿಂದಾ ಅವರು ರಟ್ಟುಗಳನ್ನು ಎತ್ತದೆ ಮೇಜಿನ ಮೇಲೆ ಇಟ್ಟುಬಿಡುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನನ್ನ ನಾಲ್ಕು ವರ್ಷದಲ್ಲಿ ಅದು ಎರಡು ಸಲ ಆಗಿದೆ. ಎರಡರಲ್ಲೂ ನಾನಿಲ್ಲ.

ಅಷ್ಟು ಖಡಕ್ಕಾದ ಮೇಲೆ ಜನ ಹತ್ತಿರ ಬರುವುದಿಲ್ಲ. ಒಂದೇ ಸೋರೆಬುರುಡೆಯಲ್ಲಿ ಬಿಸಿ ಯೆರ್ಬಾ ಎಲೆಯ ಕಷಾಯ ಕೈಯಿಂದ ಕೈಗೆ ಹೋಗುವಾಗಲೂ ಅವರು ಒಂದು ಸುತ್ತು ಹೀರಿ, "ಥ್ಯಾಂಕ್ಸ್," ಎಂದು ವಾಪಸು ಕೊಡುವರು. ನಮ್ಮಲ್ಲಿ ಥ್ಯಾಂಕ್ಸ್ ಎಂದರೆ ಇನ್ನು ಸಾಕು, ನನ್ನನ್ನು ಬಿಟ್ಟು ಮುಂದೆ ಕೊಡಿ ಎಂದರ್ಥ. ಸಭೆ ಮುಗಿದು ಮೆಟ್ಟಿಲ ಮೇಲೆ ಹರಟೆ ಶುರುವಾಗುವ ಹೊತ್ತಿಗೆ ಅವರು ಕೆಳಗೆ ಬೇಕರಿ ಬಾಗಿಲಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿಕೊಳ್ಳುತ್ತಿರುತ್ತಿದ್ದರು.

ಅಲ್ಲಿ ಅವರ ಜೊತೆ ನಿಲ್ಲುತ್ತಿದ್ದವರು ಒಬ್ಬರೇ: ಅನ್ಸೆಲ್ಮೊ ಓಸ್ತೊಯಿಚ್. ಬಂದರಿನಲ್ಲಿ ಹಡಗು ಎಳೆಯುವ ದೋಣಿಗಳ ಎಂಜಿನ್ ರಿಪೇರಿ ಮಾಡಿ ನಿವೃತ್ತರಾದವರು, ಒಂಟಿ ಮನುಷ್ಯ. ಬಾಗಿಲಷ್ಟು ಅಗಲ, ಮಾತು ಮಾತ್ರ ಬೀಗದ ಕೈ ತೂತಿನಷ್ಟು. ಬೇಕರಿಯಿಂದ ಬಸ್ ನಿಲ್ದಾಣಕ್ಕೆ ಆರು ಬೀದಿ. ಪ್ರತಿ ಶನಿವಾರ ಅವರು ಒಲಿಂದಾರ ಜೊತೆ ಆ ಆರು ಬೀದಿ ನಡೆಯುತ್ತಿದ್ದರು, ನಮ್ಮೂರಿನ ಹಾಳು ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆ ತಾವು. ಹನ್ನೊಂದು ವರ್ಷದಿಂದ ಹೀಗೆ. ಅಷ್ಟು ವರ್ಷವಾದರೂ ಇಬ್ಬರೂ ಬಹುವಚನ ಬಿಟ್ಟು ಇಳಿದಿರಲಿಲ್ಲ. ನನ್ನದೂ ಅದೇ ದಾರಿಯಾದ್ದರಿಂದ ಒಮ್ಮೆ ಹಿಂದೆ ಹಿಂದೆ ಹೋಗುತ್ತ ಕೇಳಿಸಿಕೊಂಡೆ.

"ಇವತ್ತು ಆ ಸೇತುವೆ ಫೋಟೋಗೆ ಸ್ವಲ್ಪ ಜಾಸ್ತಿ ಆಯ್ತು, ದೋನ್ಯಾ ಒಲಿಂದಾ."

"ಸೇತುವೆ ಓರೆಯಾಗಿತ್ತು, ದೋನ್ ಅನ್ಸೆಲ್ಮೊ."

"ಆ ಸೇತುವೆ ನಿಜವಾಗ್ಲೂ ಓರೆಯಾಗೇ ಇದೆ."

"ಹಾಗಾದ್ರೆ ತೆಗೆದವನು ಓರೆಯಾಗಿ ನಿಂತು ತೆಗೀಬೇಕಿತ್ತು."

ಆಮೇಲೆ ಮೂರು ಬೀದಿ ಮಾತಿಲ್ಲ. ಬಸ್ಸು ಬಂತು. ಅನ್ಸೆಲ್ಮೊ ಟೋಪಿ ಎತ್ತಿದರು, ರಸ್ತೆ ದಾಟಿ ಬಂದರಿನ ಬಸ್ಸಿಗೆ ನಿಂತರು. ಅಷ್ಟೇ.

"ಅಷ್ಟೇ ಅನ್ಬೇಡ," ಎಂದಿದ್ದರು ಮಿರ್ತಾ. "ವಾರದಲ್ಲಿ ಆಕೆ ಮನುಷ್ಯರ ಜೊತೆ ಮಾತಾಡೋದು ಅದೇ ಆರು ಬೀದಿ. ಮಿಕ್ಕಿದ್ದೆಲ್ಲ ಫೋಟೋಗಳ ಜೊತೆ."

ಹೋದ ಏಪ್ರಿಲ್‌ನಲ್ಲಿ ಅನ್ಸೆಲ್ಮೊ ನಮ್ಮ ಅಂಗಡಿಗೆ ಬಂದರು. ಬಟ್ಟೆ ಒಗೆಯುವ ಕೋಣೆಗೆ ಬಿಳಿ ಬಣ್ಣ ಬೇಕು ಎಂದರು. ಆ ಕೋಣೆಯಲ್ಲೇ ಅವರು ಕತ್ತಲು ಮಾಡಿಕೊಂಡು ತಮ್ಮ ಫಿಲ್ಮುಗಳನ್ನು ತೊಳೆದು ಅಚ್ಚು ಹಾಕುವುದು. ಬಿಳಿ ಬಳಿದರೆ ಬೆಳಕು ಹರಡುತ್ತದಲ್ಲ ಎಂದೆ. ಹೌದಲ್ಲ ಎಂದರು. ಬಣ್ಣ ಕೊಳ್ಳಲು ಬಂದವರಲ್ಲ ಎಂದು ಆಗ ನನಗೆ ಹೊಳೆಯಿತು. ಕೋಟಿನ ಒಳಗಿನಿಂದ ಒಂದು ಲಕೋಟೆ ತೆಗೆದು, ಕೌಂಟರಿನ ಮೇಲಿನ ಧೂಳನ್ನು ತೋಳಿನಿಂದ ಒರೆಸಿ, ಫೋಟೋ ಇಟ್ಟರು.

ಮಂಜು ಕವಿದ ಹಳೇ ಮರದ ಕಟ್ಟೆ. ಹಡಗಿನ ಹಗ್ಗ ಕಟ್ಟುವ ಕಬ್ಬಿಣದ ಗೂಟಗಳು ಸಾಲಾಗಿ ದೂರ ಹೋಗಿವೆ. ಬಲಗಡೆ ಅಂಚಿನಲ್ಲಿ, ನಮಗೆ ಬೆನ್ನು ಹಾಕಿ, ಕಪ್ಪು ಕೋಟಿನ ಹೆಂಗಸೊಬ್ಬಳು. ಭುಜಕ್ಕೆ ಬಟ್ಟೆಚೀಲ. ಕೋಟಿನ ಹಿಂದಿನ ಪಟ್ಟಿಯಲ್ಲಿ ಒಂದು ಗುಂಡಿ ಇಲ್ಲ.

"ಇದು ದೋನ್ಯಾ ಒಲಿಂದಾ ಅಲ್ವಾ!"

"ಮೆಲ್ಲಗೆ ಮಾತಾಡೋ ಮಾರಾಯ." ಅಂಗಡಿಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಬ್ರಷ್ಷುಗಳಿದ್ದವು. "ಭಾನುವಾರಗಳಲ್ಲಿ ಬಂದರಿಗೆ ಬರ್ತಾರೆ. ಒಬ್ರೇ. ಒಂದು ಗಂಟೆ ನಿಂತು ಹೋಗ್ತಾರೆ. ನನ್ನ ಮನೆ ಅಲ್ಲೇ ಇದೆ ಅಂತ ಅವರಿಗೆ ಗೊತ್ತು."

"ಕರೀಬೇಕಿತ್ತು."

"ಕರೀಬೇಕು ಅನ್ನಿಸ್ತು. ಕ್ಯಾಮೆರಾ ಕೈಯಲ್ಲಿತ್ತು, ಕ್ಲಿಕ್ ಮಾಡ್ದೆ." ಅವರು ತಮ್ಮ ದಪ್ಪ ಬೆರಳುಗಳನ್ನು ನೋಡಿಕೊಂಡರು. "ಈ ಶನಿವಾರ ಹಲಗೆಗೆ ಇಡ್ತೀನಿ. ಹಳೇ ಒಳ್ಳೇ ಪೇಪರ್ ಒಂದೇ ಹಾಳೆ ಉಳಿದಿತ್ತು, ಅದರ ಮೇಲೇ ಹಾಕಿದೀನಿ. ಅವರು ತಮ್ಮನ್ನ ತಾವು ನೋಡ್ಲಿ. ಆಮೇಲೆ ನಿಲ್ದಾಣಕ್ಕೆ ಹೋಗೋವಾಗ ಹೇಳ್ತೀನಿ, ಭಾನುವಾರ ಆ ಕಟ್ಟೆ ಮೇಲೆ ಒಬ್ರೇ ನಿಲ್ಲೋದು ಸಾಕು, ಮನೇಲಿ ಮೀನಿನ ಸಾರು ಮಾಡ್ತೀನಿ, ಬನ್ನಿ ಅಂತ."

"ಸಾರಿಗೆ ಕರೆಯೋಕೆ ಫೋಟೋ ಯಾಕೆ? ಬಾಯಲ್ಲಿ ಕೇಳಿದ್ರೆ ಆಗಲ್ವಾ?"

"ಬಾಯಲ್ಲಿ ಹೇಳಿದ್ದನ್ನ ಅವರು ಕೇಳಿಸ್ಕೊಂಡು ಮುಂದೆ ಹೋಗ್ತಾರೆ. ಫೋಟೋನ ನಿಂತು ನೋಡ್ತಾರೆ. ಬೇರೆ ಯಾವುದನ್ನೂ ಅವರು ಅಷ್ಟು ನಿಧಾನವಾಗಿ ನೋಡಲ್ಲ ಕಣೋ, ಪೇಂಟು."

ಬಣ್ಣ ಕೊಳ್ಳದೆ ಹೋದರು. ಆ ವಾರವಿಡೀ ನಾನು ಕೆನೆ ಬಣ್ಣ ಕೇಳಿದವರಿಗೆ ಬೂದಿ ಬಣ್ಣ ಕಲಸಿ ಕೊಟ್ಟೆ.

ಶನಿವಾರ ಆ ಫೋಟೋ ಆರನೆಯದಾಗಿ ಬಂತು. ಮಿರ್ತಾ ಅದನ್ನು ಹಲಗೆಗೆ ಸಿಕ್ಕಿಸಿದಾಗ ಸಾಲುಗಳಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಆ ಬೆನ್ನು ಎಲ್ಲರಿಗೂ ಗೊತ್ತು. ವರ್ಷಗಟ್ಟಲೆ ಪ್ರತಿ ಶನಿವಾರ ಅದನ್ನೇ ನೋಡುತ್ತ ಕೂತವರು ನಾವು. ಅದೇ ಕೋಟು ತೊಟ್ಟು ಫೋಟೋದ ಪಕ್ಕದಲ್ಲೇ ನಿಂತಿದ್ದಾರೆ. ಒಬ್ಬರೂ ಉಸಿರೆತ್ತಲಿಲ್ಲ. ಅನ್ಸೆಲ್ಮೊ ಕಿಟಕಿ ಪಕ್ಕದ ಕುರ್ಚಿಯಲ್ಲಿ ಟೋಪಿಯನ್ನು ಮೊಣಕಾಲ ಮೇಲಿಟ್ಟು, ಹಲ್ಲಿನ ಡಾಕ್ಟರ ಮುಂದೆ ಕೂತವರಂತೆ ಕೂತಿದ್ದರು.

ಒಲಿಂದಾ ಅವರು ಕನ್ನಡಕ ತೆಗೆದರು. ಹತ್ತಿರ ಹೋದರು. ಅಷ್ಟು ಹೊತ್ತು ಅವರು ಯಾವ ಫೋಟೋದ ಮುಂದೆಯೂ ನಿಂತದ್ದನ್ನು ನಾನು ನೋಡಿರಲಿಲ್ಲ. ರಟ್ಟುಗಳು ಕೈಯಲ್ಲೇ ಇದ್ದವು. ಇಗೋ ಮೇಜಿನ ಮೇಲೆ ಇಡುತ್ತಾರೆ, ಇಗೋ ಇಟ್ಟರು ಎಂದು ನಾನು ಕಾಯುತ್ತಿದ್ದೆ.

"ಕಟ್ಟೆಯ ಹಲಗೆಗಳು ಕೆಳಗಡೆ ಎಡಮೂಲೆಯಿಂದ ಬರ್ತಾವೆ," ಎಂದು ಶುರುಮಾಡಿದರು. ಧ್ವನಿ ಎಂದಿನದೇ. "ಕಣ್ಣು ಅವುಗಳ ಮೇಲೆ ಕಾಲಿಟ್ಟು ಒಳಗೆ ಹೋಗುತ್ತೆ. ಐದು ಗೂಟ, ಒಂದಕ್ಕಿಂತ ಒಂದು ಚಿಕ್ಕದು. ಐದನೇದು ಇದೆಯೋ ಇಲ್ವೋ ಅನ್ನೋ ಹಾಗಿದೆ. ಆಮೇಲೆ ಮಂಜು. ನೀರು ಎಲ್ಲಿ ಮುಗೀತು, ಆಕಾಶ ಎಲ್ಲಿ ಶುರುವಾಯ್ತು ಅನ್ನೋದಕ್ಕೆ ಗೆರೆ ಇಲ್ಲ. ಗೆರೆ ಇಲ್ಲದೇ ಇರೋ ಹೊತ್ತಿಗೆ ಕಾದಿದ್ದಾರೆ. ಕಾಯೋದು ಗೊತ್ತಿರೋರು ತೆಗೆದ ಫೋಟೋ ಇದು."

ಅನ್ಸೆಲ್ಮೊ ಅವರ ಕಿವಿ ಕೆಂಪಾಯಿತು.

"ಆದ್ರೆ ಇಲ್ಲಿ ನೋಡಿ." ಬೆರಳು ಬಲಕ್ಕೆ ಹೋಯಿತು. "ಅಂಚಿನಲ್ಲಿ ಈ ಹೆಂಗಸು. ಇಡೀ ಫೋಟೋದಲ್ಲಿ ಎಲ್ಲಕ್ಕಿಂತ ಕಪ್ಪು ಇವಳ ಕೋಟು. ಕಣ್ಣು ಮಂಜಿನೊಳಕ್ಕೆ ಹೊರಟಿರುತ್ತೆ, ಇವಳು ತೋಳು ಹಿಡಿದು ಎಳೀತಾಳೆ. ಎಳೆದು ಎಲ್ಲಿಗೆ ಕರ್ಕೊಂಡು ಹೋಗ್ತಾಳೆ? ಹೊರಗೆ. ಇವಳು ನೋಡ್ತಿರೋದೂ ಹೊರಗೇ. ಭುಜ ಅಂಚಿಗೆ ತಾಗಿದೆ, ಬಾಗಿಲಲ್ಲಿ ನಿಂತ ನೆಂಟರ ಹಾಗೆ, ಒಳಗೂ ಬರಲ್ಲ, ಹೋಗೋದೂ ಇಲ್ಲ. ತೆಗೆದವರಿಗೆ ಇವಳನ್ನ ಕಂಡು ಏನೋ ಅನ್ನಿಸಿರ್ಬೇಕು. ಆ ಅನ್ನಿಸಿದ್ದು ಫೋಟೋದೊಳಗೆ ಬಂದಿಲ್ಲ."

ಕಪ್ಪು ರಟ್ಟು ಬಲಗಡೆಯಿಂದ ಸರಿದು ಬಂತು. ಕೋಟು ಹೋಯಿತು, ಚೀಲ ಹೋಯಿತು, ಬಿದ್ದುಹೋದ ಗುಂಡಿಯ ಜಾಗವೂ ಹೋಯಿತು. ನಿಜ ಹೇಳುತ್ತೇನೆ, ಫೋಟೋ ಚೆನ್ನಾಯಿತು. ಗೂಟಗಳು ಒಂದೊಂದಾಗಿ ಮಂಜಿನೊಳಗೆ ನಡೆದುಹೋದವು, ತಡೆಯುವವರು ಯಾರೂ ಇರಲಿಲ್ಲ. ನನಗೆ ಮೈ ಜುಮ್ಮೆಂದಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

"ಈಗ ತುಂಬಿದೆ," ಎಂದರು ಒಲಿಂದಾ.

ಅನ್ಸೆಲ್ಮೊ ಬಾಯಿ ತೆರೆದರು. ಮುಚ್ಚಿದರು. ನಾನಾದರೂ ಎದ್ದು, ‘ಅದು ನೀವೇ ದೋನ್ಯಾ’ ಎಂದು ಕೂಗಬಹುದಿತ್ತು. ಹೆಚ್ಚೆಂದರೆ ಏನಾಗುತ್ತಿತ್ತು? ಒಂದು ಡಜನ್ ಮೆದಿಯಾಲೂನ. ಮೊದಲ ದಿನ ನನ್ನ ಮುಖಕ್ಕಾಗಿ ಎದ್ದು ಕೂಗಿದ ನನಗೆ ಅವತ್ತು ನಿಯಮ ನೆನಪಿತ್ತು.

"ಮುಂದಿನದು," ಎಂದರು ಅವರು.

ಸಭೆ ಮುಗಿಯಿತು. ಅನ್ಸೆಲ್ಮೊ ಮೆಟ್ಟಿಲ ಮಧ್ಯದಲ್ಲಿ ನಿಂತುಬಿಟ್ಟರು. ಅಲ್ಲಿನ ಕಿಟಕಿಯಿಂದ ಕೆಳಗೆ ಕಾಣುತ್ತಿತ್ತು: ಬೇಕರಿ ಬಾಗಿಲಲ್ಲಿ ಒಲಿಂದಾ ಅವರು ಸ್ಕಾರ್ಫ್ ಕಟ್ಟಿಕೊಂಡರು, ಬಿಚ್ಚಿದರು, ಮತ್ತೆ ಕಟ್ಟಿಕೊಂಡರು.

"ಕಾಯ್ತಿದ್ದಾರೆ, ಹೋಗಿ," ಎಂದೆ.

"ಗುರುತು ಸಿಕ್ಕಿಲ್ವಾ, ಪೇಂಟು? ಇಲ್ಲಾ ಸಿಕ್ಕಿಯೂ..."

"ಖಂಡಿತ ಸಿಕ್ಕಿಲ್ಲ. ಕನ್ನಡಕ ತೆಗೆದಿದ್ರು."

"ತನ್ನ ಕೋಟು ತನಗೇ ಗೊತ್ತಾಗಲ್ವಾ?"

"ಯಾರಿಗೆ ತಾನೇ ತಮ್ಮ ಬೆನ್ನು ಗೊತ್ತಿರುತ್ತೆ, ದೋನ್ ಅನ್ಸೆಲ್ಮೊ?"

ಈ ಮಾತು ಹೇಳಿ ನಾನೇ ಮೆಚ್ಚಿಕೊಂಡೆ. ಅವರು ಕೆಳಗಿಳಿಯಲಿಲ್ಲ. ಕೆಳಗೆ ಒಲಿಂದಾ ಅವರು ಒಮ್ಮೆ ಮೆಟ್ಟಿಲ ಕಡೆ ತಿರುಗಿ ನೋಡಿದರು, ಆಮೇಲೆ ಚೀಲವನ್ನು ಭುಜಕ್ಕೆ ಏರಿಸಿಕೊಂಡು ಗಾಳಿಗೆ ಎದುರಾಗಿ ನಡೆದುಹೋದರು.

"ಈಗ ಇದನ್ನ ಏನು ಮಾಡ್ಲಿ?" ಅನ್ಸೆಲ್ಮೊ ಲಕೋಟೆ ತೋರಿಸಿದರು. ಸಮಾಧಾನ ಹೇಳಬೇಕಾದ ಜಾಗದಲ್ಲಿ ನಾನು ಯಾವಾಗಲೂ ಸಲಹೆ ಕೊಡುತ್ತೇನೆ. ಗಿರಾಕಿಗಳ ಜೊತೆ ಬದುಕಿ ಬಂದ ಅಭ್ಯಾಸ. "ಅವರು ಹೇಳಿದ ಹಾಗೆ ಕತ್ತರಿಸಿ ಪ್ರಾಂತ್ಯದ ಸ್ಪರ್ಧೆಗೆ ಕಳಿಸಿ. ಮೆಡಲ್ ಗ್ಯಾರಂಟಿ," ಎಂದುಬಿಟ್ಟೆ.

ಮುಂದಿನ ಶನಿವಾರ ಅನ್ಸೆಲ್ಮೊ ಬರಲಿಲ್ಲ. ಮೊಣಕಾಲು ನೋವು ಎಂದು ಮಿರ್ತಾಗೆ ಫೋನು ಮಾಡಿದ್ದರು. ಅದರ ಮುಂದಿನ ವಾರವೂ ಮೊಣಕಾಲು. ಮೇ ತಿಂಗಳಿಗೆ ಮಿರ್ತಾ ಕಾರಣ ಕೇಳುವುದನ್ನು ಬಿಟ್ಟರು. ಕಿಟಕಿ ಪಕ್ಕದ ಕುರ್ಚಿಯನ್ನು ಯಾರೂ ತೆಗೆಯಲಿಲ್ಲ, ಯಾರೂ ಅದರಲ್ಲಿ ಕೂರಲೂ ಇಲ್ಲ. ಒಲಿಂದಾ ಅವರು ಅನ್ಸೆಲ್ಮೊ ಬಗ್ಗೆ ಒಂದು ಮಾತೂ ಕೇಳಲಿಲ್ಲ. ವಿಮರ್ಶೆ ಎಂದಿನಂತೆ ನಡೆಯಿತು. ಸಭೆ ಮುಗಿದ ಮೇಲೆ ಮಾತ್ರ ಬೇಕರಿ ಬಾಗಿಲಲ್ಲಿ ಮೊದಲು ಎಷ್ಟು ಹೊತ್ತು ನಿಲ್ಲುತ್ತಿದ್ದರೋ ಅಷ್ಟೇ ಹೊತ್ತು ನಿಂತು, ಒಬ್ಬರೇ ಹೊರಡುತ್ತಿದ್ದರು.

ಜೂನ್‌ನ ಒಂದು ಸಂಜೆ, ಬೋರ್ಡುಗಳು ಹಾರಿಹೋಗುವಂಥ ಗಾಳಿ. ನಾನು ಓಡಿ ಹೋಗಿ ಪಕ್ಕದಲ್ಲಿ ನಿಂತೆ.

"ನಾನೂ ಬರ್ತೀನಿ ದೋನ್ಯಾ, ನಿಲ್ದಾಣದವರೆಗೆ."

"ನಂಗೆ ದಾರಿ ಗೊತ್ತು."

"ನನ್ನದೂ ಅದೇ ದಾರಿ."

"ಹಾಗಾದ್ರೆ ಹಿಂದೆ ಬಾ. ಹೋದ ಸಲವೂ ಹಿಂದೇನೇ ಬಂದಿದ್ದೆ ತಾನೇ, ಕಿವಿ ನಿಮಿರಿಸ್ಕೊಂಡು?"

ಹಿಂದೆಯೇ ಹೋದೆ. ಗಾಳಿ ಬೀಸುವ ಕಡೆಯ ಅರ್ಧ ಪಾದಚಾರಿ ಹಾದಿ ಖಾಲಿ ಬಿಟ್ಟು ಅವರು ಒಂದೇ ಬದಿಗೆ ನಡೆಯುತ್ತಿದ್ದರು.

ಸೆಪ್ಟೆಂಬರಿನಲ್ಲಿ ಸ್ಪರ್ಧೆಯ ಫಲಿತಾಂಶ ಬಂತು. ಅನ್ಸೆಲ್ಮೊ ನಿಜವಾಗಿಯೂ ಕತ್ತರಿಸಿ ಕಳಿಸಿದ್ದರು. ಇದ್ದ ಒಂದೇ ಒಳ್ಳೆಯ ಅಚ್ಚನ್ನು, ಒಲಿಂದಾರ ರಟ್ಟು ನಿಂತ ಜಾಗಕ್ಕೆ ಸರಿಯಾಗಿ. ಬೆಳ್ಳಿ ಮೆಡಲ್. ನಮ್ಮ ಕ್ಲಬ್ಬಿಗೆ ಒಂಬತ್ತು ವರ್ಷದಲ್ಲಿ ಬಂದ ಮೊದಲ ಮೆಡಲ್ ಅದು. ತೀರ್ಪುಗಾರರು ಬರೆದಿದ್ದ ಸಾಲನ್ನು ಮಿರ್ತಾ ಎದ್ದು ನಿಂತು ಓದಿದರು: ‘ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡುವ ಧೈರ್ಯ ಈ ಚಿತ್ರದಲ್ಲಿದೆ.’ ಎಲ್ಲರೂ ಚಪ್ಪಾಳೆ ತಟ್ಟಿದರು. ಮೆಡಲ್ ತೆಗೆದುಕೊಳ್ಳಬೇಕಾದವರು ಬಂದಿರಲಿಲ್ಲ. ಫೋಟೋವನ್ನು ಗೋಡೆಗೆ ಏರಿಸಿದ್ದಾಯಿತು. ಎಲ್ಲರೂ ಮೆದಿಯಾಲೂನ ತಿನ್ನುತ್ತಿದ್ದಾಗ ಒಲಿಂದಾ ಅವರು ಅದರ ಮುಂದೆ ಹೋಗಿ ನಿಂತರು. ಕನ್ನಡಕ ತೆಗೆಯಲಿಲ್ಲ. ಬಲಗಡೆ ಅಂಚನ್ನು ಬೆರಳಿನಿಂದ ಮೇಲಿಂದ ಕೆಳಗೆ ಒಮ್ಮೆ ಸವರಿದರು.

"ನೇರವಾಗಿ ಕತ್ತರಿಸಿದ್ದಾರೆ," ಎಂದರು, ಯಾರಿಗೂ ಅಲ್ಲ.

ಮೆಡಲನ್ನು ಬಂದರಿಗೆ ತಲುಪಿಸುವ ಕೆಲಸ ನನ್ನ ಪಾಲಿಗೆ ಬಂತು. ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಕೆಳಗಿಳಿದೆ. ನಮ್ಮಲ್ಲಿ ಸೆಪ್ಟೆಂಬರ್ ಎಂದರೆ ವಸಂತ, ಬಿಸಿಲು ಇನ್ನೂ ಇತ್ತು. ಒಲಿಂದಾ ಅವರು ಬಾಗಿಲಲ್ಲಿದ್ದರು. ಅವತ್ತು ನನ್ನನ್ನು ಹಿಂದೆ ಬಾ ಎನ್ನಲಿಲ್ಲ. ಎರಡು ಬೀದಿ ಜೊತೆಯಾಗಿ ನಡೆದೆವು.

"ನಾಳೆ ಭಾನುವಾರ," ಎಂದೆ. "ಮೆಡಲ್ ಕೊಡೋಕೆ ಬಂದರಿಗೆ ಹೋಗ್ತೀನಿ. ನೀವೂ ಬನ್ನಿ. ಭಾನುವಾರ ಹೋಗ್ತೀರಲ್ಲ."

"ಈಗ ಹೋಗಲ್ಲ."

"ಯಾವಾಗಿಂದ?"

"ಏಪ್ರಿಲ್‌ನಿಂದ."

ಏಪ್ರಿಲ್ ಎಂದರೆ ಆ ಫೋಟೋ ಹಲಗೆಗೇರಿದ ತಿಂಗಳು. ಮೆಟ್ಟಿಲ ಮೇಲೆ ನಾನು ಅಷ್ಟು ಖಚಿತವಾಗಿ ಆಡಿದ ಮಾತು, ಅದನ್ನು ನಂಬಿಕೊಂಡು ಐದು ತಿಂಗಳು ಮನೆಯಲ್ಲಿ ಕೂತ ಮನುಷ್ಯ.

"ಅವರು ನಿಮ್ಮನ್ನ ಊಟಕ್ಕೆ ಕರೀಬೇಕು ಅಂತಿದ್ರು, ದೋನ್ಯಾ. ಆ ಶನಿವಾರಾನೇ, ಇದೇ ದಾರಿಯಲ್ಲಿ. ಮೀನಿನ ಸಾರು ಮಾಡ್ತೀನಿ ಅಂದಿದ್ರು."

ಅವರು ನಿಲ್ಲಲಿಲ್ಲ. ನಡಿಗೆ ಮಾತ್ರ ಸ್ವಲ್ಪ ನಿಧಾನವಾಯಿತು.

"ಸಾರು ಚೆನ್ನಾಗಿ ಮಾಡ್ತಾರಂತೆ," ಎಂದರು. "ಮಿರ್ತಾ ಹೇಳಿದ್ಲು."

ನಿಲ್ದಾಣ ಬಂತು. ಆಚೆ ಬದಿಯಲ್ಲಿ ಬಂದರಿನ ಬಸ್ಸಿನ ಕಂಬದ ಕೆಳಗೆ ಯಾರೂ ಇರಲಿಲ್ಲ. ಇವರ ಬಸ್ಸು ದೂರದ ತಿರುವಿನಲ್ಲಿ ಕಾಣಿಸಿತು. ಈಗ ಕೇಳದಿದ್ದರೆ ಇನ್ನೆಂದೂ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

"ದೋನ್ಯಾ ಒಲಿಂದಾ, ಬೈಬೇಡಿ. ಅವತ್ತು ನೀವು ರಟ್ಟು ಇಟ್ಟು ಮುಚ್ಚಿದ್ರಲ್ಲ ಆ ಹೆಂಗಸು, ಅವರು ಯಾರು ಅಂತ ನಿಮಗೆ ಗೊತ್ತಿತ್ತಾ?"

ಚೀಲದಿಂದ ಬಸ್ಸಿನ ಕಾರ್ಡು ತೆಗೆಯುತ್ತಿದ್ದವರು ತಲೆ ಎತ್ತಿ, ಹಲಗೆಯ ಮೇಲಿನ ಫೋಟೋ ನೋಡುವಂತೆ ನನ್ನನ್ನು ನೋಡಿದರು.

"ನಾನು. ಅಂಚಿಗೆ ತಾಗಿಕೊಂಡು ನಿಂತಿದ್ದೆ, ಹೊರಗೆ ನೋಡ್ತಿದ್ದೆ. ಬೇರೆ ಯಾರು ಹಾಗೆ ನಿಂತಿದ್ರೂ ಮುಚ್ತಿದ್ದೆ. ನಾನು ಅಂತ ಬಿಟ್ಟುಬಿಡ್ಲಾ?"